ನೂರಿಪ್ಪತ್ತು ಎಡತೋಳು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಐವತ್ತೊಂದನೆಯ ವಯಸ್ಸಿನಲ್ಲಿ ತಾನೊಬ್ಬ ಕಲಾವಿದ ಎಂಬುದು ಗೊತ್ತಾಯಿತು. ಅದುವರೆಗೆ ಅವನು ಕಟಿಂಗ್ ಮಾಸ್ಟರ್ ಆಗಿದ್ದ. ಇಪ್ಪತ್ತಾರು ವರ್ಷ ಅದೇ ಮೇಜು, ಅದೇ ಕತ್ತರಿ, ಅದೇ ಶಾಲಾ ಮಕ್ಕಳ ಸಮವಸ್ತ್ರ. ಎದುರಿಗೆ ಸಿಕ್ಕಾಗ ನಾನು ಅವನನ್ನು ‘ನೀವು, ತಾವು’ ಎನ್ನುತ್ತೇನೆ, ಅಕ್ಕನ ಮುಖ ನೋಡಿ. ಇಲ್ಲಿ ಆ ಶಿಷ್ಟಾಚಾರ ಬೇಡ, ಕೇಳುವವರು ಯಾರೂ ಇಲ್ಲ.

ನಾನು ಅದೇ ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುವವಳು. ಗುಂಡಿ ತೂರುವ ಸೀಳಿನ ಸುತ್ತ ದಾರ ಹೊಲಿಯುವ ಕೆಲಸ, ಹತ್ತೊಂಬತ್ತು ವರ್ಷವಾಯಿತು. ನನ್ನ ಕೈಗೂ ನಾಲಗೆಗೂ ಒಟ್ಟಿಗೆ ಒಪ್ಪುವಂತೆ ‘ಸೂಜಿ’ ಎಂದು ಹೆಸರಿಟ್ಟವನು ಭಾವನೇ. ಅವನ ಜನ್ಮದಲ್ಲಿ ಸ್ವಂತವಾಗಿ ಹೊಳೆದದ್ದು ಅದೊಂದೇ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ.

ಅಂಗಡಿ ಇರುವುದು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಂಥ ಮೆಟ್ಟಿಲು. ಮೇಲೆ ಉದ್ದನೆಯ ಕೋಣೆ, ನಡುವೆ ಕತ್ತರಿಸುವ ಮೇಜು, ಅದರ ಮೇಲೆ ದಪ್ಪ ಪದರ ಸೀಳುವ ಕೈಯಂತ್ರ, ಗೋಡೆಗೆ ಒರಗಿ ನಾಲ್ಕು ಹೊಲಿಗೆ ಯಂತ್ರ, ಮೂಲೆಯಲ್ಲಿ ಇಸ್ತ್ರಿಯ ಹಲಗೆ, ಕಿಟಕಿಯ ಪಕ್ಕ ನನ್ನ ಸ್ಟೂಲು. ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಹಿಂಗೋಡೆ ಮತ್ತು ಅದರ ಮೇಲೆ ಇಳಿದುಹೋದ ಕೊಳವೆ. ಹತ್ತು ಗಂಟೆಗೆ ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರುತ್ತದೆ, ಆಗ ಎಲ್ಲರಿಗೂ ಹಸಿವಾಗುತ್ತದೆ.

ಭಾವನ ದಿನಚರಿ ಏನೆಂದು ಹೇಳಲಿ. ಗಾಣದ ಎತ್ತಾದರೂ ಆಗೊಮ್ಮೆ ನಿಂತು ಬಾಲ ಬೀಸುತ್ತದೆ, ಇವನು ಅದನ್ನೂ ಮಾಡಿದವನಲ್ಲ. ಬಂದವನೇ ಅಂಗಿಯನ್ನು ಮೂರನೆಯ ಮೊಳೆಗೇ ನೇತುಹಾಕಬೇಕು. ಮೊದಲನೆಯದೂ ಎರಡನೆಯದೂ ಖಾಲಿಯಿದ್ದರೂ ಸರಿ. ಕತ್ತರಿಯನ್ನು ಗಾಳಿಯಲ್ಲಿ ಮೂರು ಸಲ ಕಚಕಚ ಎನ್ನಿಸಬೇಕು. ಮಧ್ಯಾಹ್ನ ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ, ಆಮೇಲೆ ಗೋಡೆಗೆ ತಲೆಯಾನಿಸಿ ಹದಿನೈದು ನಿಮಿಷ ಗೊರಕೆ.

ಬಟ್ಟೆ ಹಾಸುವುದರಲ್ಲೂ ಅಷ್ಟೇ. ಬಟ್ಟೆಯ ಥಾನನ್ನು, ಅಂದರೆ ಇಡೀ ಸುರುಳಿಯನ್ನು, ಬಾಗಿಲ ಕಡೆಯಿಂದ ಕಿಟಕಿಯ ಕಡೆಗೆ ಬಿಚ್ಚುತ್ತ ಹೋಗುತ್ತಿದ್ದ. ತುದಿ ಮುಟ್ಟಿದ ಮೇಲೆ ಅಲ್ಲೇ ಮಡಿಚಿ, ಅದೇ ದಾರಿಯಲ್ಲಿ ಬಿಚ್ಚುತ್ತ ವಾಪಸು ಬರುತ್ತಿದ್ದ. ಹೋಗುವಾಗ ಬಟ್ಟೆಯ ಮುಖ ಮೇಲೆ, ಬರುವಾಗ ಮುಖ ಕೆಳಗೆ. ಹೀಗೆ ಪದರದ ಮೇಲೆ ಪದರ ಬಿದ್ದರೆ, ಒಂದೇ ರಟ್ಟಿನ ಅಚ್ಚು ಇಟ್ಟು ಕತ್ತರಿಸಿದರೂ ಎಡತೋಳು ಬಲತೋಳು ಜೋಡಿಯಾಗಿ ಸಿಗುತ್ತವೆ. ಇದನ್ನು ಕಂಡುಹಿಡಿದವರು ಯಾರೋ ಪುಣ್ಯಾತ್ಮರು. ಭಾವನಿಗೆ ಗೊತ್ತಿದ್ದದ್ದು ಹೋಗುವುದು ಮತ್ತು ಬರುವುದು. ಯಾಕೆ ಹೋಗಬೇಕು, ಯಾಕೆ ಬರಬೇಕು ಎಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇಂಥವನು ಒಂದು ಭಾನುವಾರ ಉಪನ್ಯಾಸ ಕೇಳಲು ಹೋದ. ವಿದ್ಯೆಯ ಆಸೆಗೇನಲ್ಲ. ಮನೆಯಲ್ಲಿ ಅಕ್ಕ ನೀರಿನ ತೊಟ್ಟಿ ತೊಳೆಯಲು ಹೇಳಿದ್ದಳು, ಗ್ರಂಥಾಲಯದ ಸಭಾಂಗಣದಲ್ಲಿ ಟೀ ಬಿಸ್ಕತ್ತು ಕೊಡುತ್ತಾರೆಂದು ಬೋರ್ಡು ಹಾಕಿತ್ತು. ಕೆನ್ನೆಗೆ ಮೈಕು ಸಿಕ್ಕಿಸಿಕೊಂಡಿದ್ದ ಉಪನ್ಯಾಸಕ ಹೇಳಿದನಂತೆ: ‘ಪ್ರತಿಯೊಬ್ಬರ ಒಳಗೂ ಒಬ್ಬ ಕಲಾವಿದ ಮಲಗಿದ್ದಾನೆ. ದಿನಚರಿಯೇ ಅವನ ಹೊದಿಕೆ. ಅದನ್ನು ಕಿತ್ತೆಸೆಯಿರಿ!’ ಭಾವನ ಒಳಗೆ ಮಲಗಿರುವವನು ಯಾರೆಂದು ನನಗೆ ಗೊತ್ತಿತ್ತು, ಅವನ ಗೊರಕೆಯನ್ನು ನಾನು ದಿನಾ ಕೇಳುತ್ತಿದ್ದೆ. ಆದರೆ ಭಾವ ತೆಳ್ಳನೆಯ ಒಂದು ಪುಸ್ತಕ ಹಿಡಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದ. ತೊಟ್ಟಿಯನ್ನು ಅಕ್ಕನೇ ತೊಳೆದಿದ್ದಳು.

ಮಾರನೆಯ ದಿನದಿಂದ ಶುರುವಾಯಿತು ನೋಡಿ. ಎಡಗೈಯಲ್ಲಿ ಹಲ್ಲುಜ್ಜಿದ; ಪೇಸ್ಟು ಗಲ್ಲಕ್ಕೆ, ಕನ್ನಡಿಗೆ, ಅಕ್ಕನ ಟವೆಲಿಗೆ. ಬೆಳಗ್ಗೆ ಅನ್ನ ಉಂಡ, ರಾತ್ರಿಗೆ ಬ್ರೆಡ್ಡು ಕೇಳಿದ. ಗೋಡೆಯ ಕಡೆ ಮಲಗುತ್ತಿದ್ದವನು ಮಂಚದ ಹೊರಬದಿಗೆ ಬಂದು, ಅಕ್ಕನನ್ನು ಗೋಡೆಗೆ ತಳ್ಳಿದ. ಹೊಸ ದಾರಿಯಲ್ಲಿ ನಡೆಯಬೇಕೆಂದು ಹೊರಟು ಮೀನು ಮಾರುಕಟ್ಟೆ ಸೇರಿ, ನಲವತ್ತು ನಿಮಿಷ ತಡವಾಗಿ, ಚಪ್ಪಲಿಯ ತುಂಬ ಮೀನಿನ ಪೊರೆ ಅಂಟಿಸಿಕೊಂಡು ಕೆಲಸಕ್ಕೆ ಬಂದ. ಒಂದು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತಲು ಹೋಗಿ, ಇಳಿಯುತ್ತಿದ್ದ ರೇಡಿಯೋನ ಹೊಟ್ಟೆಗೆ ಮೊಣಕೈಯಲ್ಲಿ ತಿವಿದ. ರೇಡಿಯೋ ಎಂದರೆ ನಮ್ಮ ಅಂಗಡಿಯ ಹಿರಿಯ ಟೈಲರು. ಬೆಳಗ್ಗೆ ಯಂತ್ರದ ಮುಂದೆ ಕೂತರೆ ಸಂಜೆಯವರೆಗೆ ಅವನ ಬಾಯಿ ನಿಲ್ಲುವುದಿಲ್ಲ. ಒಂದು ವಾರ ಅವನಿಗೆ ಬೇರೆ ಸುದ್ದಿಯೇ ಬೇಕಾಗಲಿಲ್ಲ.

‘ಇಪ್ಪತ್ತೆಂಟು ವರ್ಷ ಈ ಮನುಷ್ಯ ಒಂದೇ ಥರ ಇದ್ದಾರಲ್ಲಾ ಅಂತ ಬೇಜಾರಾಗ್ತಿತ್ತು ಕಣೆ’ ಎಂದಳು ಅಕ್ಕ, ‘ಈಗ ಗೊತ್ತಾಯ್ತು, ಅದೇ ನನ್ನ ಪುಣ್ಯ ಅಂತ.’

‘ಬೈದು ಬುದ್ಧಿ ಹೇಳು’ ಎಂದೆ.

‘ಹೇಳ್ದೆ. ನಿನ್ ಬೈಗುಳಾನೂ ದಿನಚರಿನೇ, ಬೇರೆ ಥರ ಬೈಯಿ ಅಂದ್ರು.’

ಅಂಗಡಿಗೆ ಒಂದು ನೋಟು ಪುಸ್ತಕವೂ ಬಂತು. ಮೊದಲ ಪುಟದಲ್ಲಿ ‘ಸ್ವಂತ ವಿನ್ಯಾಸಗಳು’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಆಮೇಲೆ ಹದಿನೆಂಟು ದಿನ ಏನೂ ಇಲ್ಲ. ಹತ್ತೊಂಬತ್ತನೆಯ ದಿನ ನನ್ನ ಸ್ಟೂಲಿನ ಹತ್ತಿರ ಬಂದು, ಮಗು ಹಡೆದವನಂತೆ ಪುಸ್ತಕ ಬಿಚ್ಚಿ ತೋರಿಸಿದ. ಒಂದು ಅಂಗಿ. ಅಂಗಿಯ ಬೆನ್ನಿಗೆ ಜೇಬು.

‘ಜೇಬುಗಳ್ಳರಿಗೆ ಅನುಕೂಲ ಆಗ್ಲಿ ಅಂತಾನಾ ಭಾವ?’ ಎಂದೆ.

ಯಂತ್ರಗಳೆಲ್ಲ ನಿಂತು ನಗು ಎದ್ದಿತು. ಭಾವ ಪುಸ್ತಕ ಮುಚ್ಚಿದ. ‘ನಗು ನಗು. ಈ ಸಮವಸ್ತ್ರ ಕತ್ತರಿಸಿ ಕತ್ತರಿಸಿ ನನ್ನ ತಲೆ ಮೊಂಡಾಗಿದೆ ಸೂಜಿ. ಇಲ್ದಿದ್ರೆ ಎಲ್ಲೋ ಇರ್ತಿದ್ದೆ’ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಅವನಿಗೆ ಕೇಳಿಸುವ ಹಾಗೇ ರೇಡಿಯೋಗೆ ಹೇಳಿದೆ.

ಇಷ್ಟರಲ್ಲಿ ಸಂಗೀತ ಶಾಲೆಯ ಕೆಲಸ ಬಂತು. ವೃಂದಗಾನ ಹಾಡುವ ಅರವತ್ತು ಮಕ್ಕಳು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಳತೆ, ವೇದಿಕೆಗೆ ಅರವತ್ತು ಕೋಟು. ಬಟ್ಟೆ ಅವರೇ ತರಿಸಿದ್ದರು. ಕಡುನೀಲಿ, ಒಂದು ಬದಿ ನೀರು ಹಚ್ಚಿದಂತೆ ಹೊಳಪು, ಇನ್ನೊಂದು ಬದಿ ಮಂಕು. ನಮ್ಮ ಅಂಗಡಿಗೆ ಅಂಥ ಬಟ್ಟೆ ಬಂದದ್ದು ಅದೇ ಮೊದಲು.

ಅಂಗಡಿಯ ಯಜಮಾನಮ್ಮ ಗಂಡ ಸತ್ತ ಮೇಲೆ ತಾವೇ ಎಲ್ಲ ನೋಡಿಕೊಳ್ಳುತ್ತಿರುವವರು. ಕನ್ನಡಕವನ್ನು ಸರಪಳಿಯಲ್ಲಿ ಕತ್ತಿಗೆ ನೇತುಹಾಕಿಕೊಳ್ಳುತ್ತಾರೆ. ಅದನ್ನು ಮೂಗಿಗೇರಿಸಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಅಂದು ಏರಿಸಿದರು. ಆ ತಿಂಗಳಲ್ಲಿ ಭಾವ ಐದು ಸಲ ತಡವಾಗಿ ಬಂದಿದ್ದ, ಒಂದು ಸಲ ಕಾಲರುಗಳಿಗೆಲ್ಲ ತಲೆಕೆಳಗಾಗಿ ಗುರುತು ಹಾಕಿದ್ದ.

‘ಮಾಸ್ಟ್ರೇ, ಈ ಬಟ್ಟೆ ಇಷ್ಟೇ ಇರೋದು. ಮತ್ತೆ ತರಿಸ್ಬೇಕು ಅಂದ್ರೆ ಒಂದು ತಿಂಗಳು. ಕಾರ್ಯಕ್ರಮ ಮುಂದಿನ ವಾರ. ಇದು ಕೆಟ್ರೆ ನಿಮ್ಮನ್ನ ಇಟ್ಕೊಳೋಕಾಗಲ್ಲ. ಈಗ್ಲೇ ಹೇಳಿರ್ತೀನಿ, ಆಮೇಲೆ ಮುಖ ಸಣ್ಣ ಮಾಡ್ಕೋಬೇಡಿ.’

ಐವತ್ತೊಂದು ವರ್ಷದ ಕಟಿಂಗ್ ಮಾಸ್ಟರನ್ನು ಇನ್ಯಾರು ಕರೆಯುತ್ತಾರೆ? ದೊಡ್ಡ ಕಾರ್ಖಾನೆಗಳಲ್ಲಿ ಈಗ ಕತ್ತರಿಸುವುದೂ ಕಂಪ್ಯೂಟರೇ. ಅಕ್ಕನ ಒಲೆ ಉರಿಯುತ್ತಿದ್ದದ್ದು ಆ ಮೇಜಿನಿಂದ. ಇದು ನನಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಸೋಮವಾರ ಅವನು ಮೈಭಾಗ, ಕಾಲರು, ಜೇಬಿನ ಮುಚ್ಚಳ ಎಲ್ಲವನ್ನೂ ಹಳೆಯ ಪದ್ಧತಿಯಲ್ಲೇ ಕತ್ತರಿಸಿದ. ಭಯವಿತ್ತು, ಕೈ ನೆಟ್ಟಗಿತ್ತು. ಮಂಗಳವಾರ ತೋಳುಗಳ ಸರದಿ. ಬೆಳಗ್ಗೆ ಬರುವಾಗಲೇ ಮುಖದಲ್ಲಿ ಒಂದು ಥರದ ಕಳೆ. ತೆಳ್ಳನೆಯ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ‘ಹೋದ ದಾರಿಯಲ್ಲೇ ವಾಪಸು ಬರಬೇಡಿ’ ಎಂದು ಬರೆದಿತ್ತಂತೆ. ಬರೆದವನು ಯಾವ ದಾರಿಯ ಮಾತಾಡಿದ್ದನೋ, ನಮ್ಮ ಭಾವ ಅದನ್ನು ಬಟ್ಟೆಗೆ ಹಚ್ಚಿದ. ಬಾಗಿಲಿನಿಂದ ಕಿಟಕಿಯವರೆಗೆ ಬಿಚ್ಚಿದ. ಅಲ್ಲಿ ಮಡಿಚದೆ ಕತ್ತರಿಸಿದ. ಥಾನನ್ನು ಹೆಗಲ ಮೇಲೆ ಹೊತ್ತು, ಮೇಜಿನ ಆಚೆ ಬದಿಯಿಂದ ಸುತ್ತಿಕೊಂಡು ಬಾಗಿಲ ಹತ್ತಿರ ಬಂದು, ಮತ್ತೆ ಬಿಚ್ಚಿದ. ಹೀಗೆ ಅರವತ್ತು ಪದರ, ಮೇಲೆ ತೋಳಿನ ಅಚ್ಚನ್ನು ಎರಡು ಕಡೆ ಇಟ್ಟು ಗುರುತು. ಪ್ರತಿ ಸುತ್ತಿಗೂ ಒಂದು ಹಾಡು ಗುನುಗಿದ.

ನಾನು ನನ್ನ ಸ್ಟೂಲಿನಿಂದ ನೋಡುತ್ತಿದ್ದೆ. ಪದರದ ಮೇಲೆ ಪದರ, ಪ್ರತಿಯೊಂದೂ ಹೊಳಪು ಮೇಲೆ. ಐದನೆಯ ಪದರ ಬೀಳುವ ಹೊತ್ತಿಗೇ ನನಗೆ ಗೊತ್ತಾಯಿತು. ಸುಳ್ಳು ಹೇಳಲಾರೆ, ಗೊತ್ತಾಯಿತು. ‘ಭಾವ, ನಿಲ್ಲಿ’ ಎನ್ನಲು ಎಷ್ಟು ಉಸಿರು ಬೇಕು? ಆದರೆ ಆ ಗುನುಗು, ಆ ಮುಖದ ಕಳೆ! ಅನುಭವಿಸಲಿ, ಒಂದು ಸಲ ಮೂಗು ಒಡೆದುಕೊಂಡರೆ ಈ ಕಲೆಯ ಭೂತ ಇಳಿಯುತ್ತದೆ ಎಂದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಎಂದು ತಲೆ ತಗ್ಗಿಸಿ ದಾರ ಪೋಣಿಸಿದೆ. ಅಕ್ಕನ ನೆನಪು ಬಂದದ್ದು ಕತ್ತರಿಸುವ ಯಂತ್ರದ ಗುರ್ರ್ ಸದ್ದು ನಿಂತ ಮೇಲೆ.

ಮಧ್ಯಾಹ್ನ ರೇಡಿಯೋ ಮೊದಲ ಕೋಟಿಗೆ ಎಡತೋಳು ಕೂಡಿಸಿದ, ಮಾತಾಡುತ್ತಲೇ ಇದ್ದ. ಬಲಕ್ಕೆ ಇನ್ನೊಂದು ತೋಳು ಎತ್ತಿಕೊಂಡ. ತಿರುಗಿಸಿದ. ಇನ್ನೊಂದು ಎತ್ತಿಕೊಂಡ. ಇನ್ನೊಂದು. ರೇಡಿಯೋ ನಿಂತುಹೋಯಿತು.

ಭಾವ ಬಂದು ರಾಶಿಯನ್ನೆಲ್ಲ ಕೆದಕಿದ. ಒಂದು ತೋಳನ್ನು ತನ್ನ ಬಲಗೈಗೇ ಸುತ್ತಿ ನೋಡಿದ, ಮಕ್ಕಳ ತೋಳು, ಮೊಣಕೈವರೆಗೂ ಬರಲಿಲ್ಲ. ಆಮೇಲೆ ಇಸ್ತ್ರಿ ಹಲಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತ.

‘ಸೂಜಿ, ಎಲ್ಲಾ ಎಡಗಡೇವೇ ಕಣೇ. ನೂರಿಪ್ಪತ್ತೂ. ನಿಮ್ಮಕ್ಕಂಗೆ ಏನಂತ ಹೇಳ್ಲಿ?’

ನನಗೆ ಆಗ ಸಂತೋಷವಾಗಬೇಕಿತ್ತು, ಅದಕ್ಕೇ ಕಾದಿದ್ದೆನಲ್ಲ. ಆಗಲಿಲ್ಲ. ಯಜಮಾನಮ್ಮ ಸಂಗೀತದ ಟೀಚರನ್ನು ಕರೆದುಕೊಂಡು ನಾಲ್ಕು ಗಂಟೆಗೆ ಮಾದರಿ ಕೋಟು ನೋಡಲು ಬರುವವರಿದ್ದರು. ಆಗ ಒಂದೂವರೆ.

ನಾನು ಎದ್ದು ನನ್ನ ಬಾಡಿಗೆ ಕೋಣೆಗೆ ಓಡಿದೆ. ಎರಡು ಬೀದಿ ಆಚೆ. ಮಂಚದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರ ವಿಷಯ ಅಕ್ಕನಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ಯಜಮಾನಮ್ಮನ ಗಂಡನ ಹತ್ತಿರ ‘ನಂಗೂ ಕಟಿಂಗ್ ಕಲಿಸ್ತೀರಾ?’ ಎಂದು ಕೇಳಿದ್ದೆ. ‘ಮೊದ್ಲು ಕಾಜ ನೆಟ್ಟಗೆ ಹಾಕು’ ಎಂದು ನಕ್ಕರು. ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆಯಲ್ಲಿ ಅಂಗೈಯಗಲದ ಕೋಟುಗಳನ್ನು ಕತ್ತರಿಸಿ, ಅಂಟಿಸಿ, ಡಬ್ಬಿಗೆ ಹಾಕುತ್ತ ಬಂದೆ. ಕ್ಯಾಲೆಂಡರಿಗೆ ಒಂದು ಬದಿ ಚಿತ್ರ, ಇನ್ನೊಂದು ಬದಿ ಬಿಳಿ. ಹಾಗಾಗಿ ಹಲವು ಕೋಟುಗಳಲ್ಲಿ ಒಂದು ತೋಳನ್ನು ತಿರುಗಿಸಿ ಅಂಟಿಸಿದ್ದೆ, ನೋಡಲು ಚೆನ್ನಾಗಿರುತ್ತದೆಂದು.

ಅಂಥದ್ದೊಂದನ್ನು ಆರಿಸಿ ತಂದು ಭಾವನ ಮುಂದೆ ಮೇಜಿನ ಮೇಲಿಟ್ಟೆ.

‘ಎಡತೋಳು ತಿರುಗಿಸಿ ಹಾಕಿದ್ರೆ ಬಲತೋಳಾಗುತ್ತೆ ಭಾವ. ಮಂಕು ಬದಿ ಹೊರಗೆ ಬರುತ್ತೆ, ಬರ್ಲಿ. ಅದೊಂದೇ ಮಂಕಾದ್ರೆ ತಪ್ಪು ಅಂತ ಗೊತ್ತಾಗುತ್ತೆ. ಕಾಲರು, ಎಡಜೇಬಿನ ಮುಚ್ಚಳ, ಎರಡನ್ನೂ ಮಂಕು ಮಾಡಿ. ಆಗ ಬೇಕು ಅಂತ್ಲೇ ಮಾಡಿದ ಹಾಗಿರುತ್ತೆ.’

ಭಾವ ಕಾಗದದ ಕೋಟನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಕಾಲರು ಮುಟ್ಟಿದ, ಜೇಬು ಮುಟ್ಟಿದ.

‘ಇದನ್ನ ಯಾವಾಗ ಮಾಡ್ದೆ ನೀನು?’

‘ಕ್ಯಾಲೆಂಡರ್ ಹಳೇದಾದಾಗ.’

‘ಇಂಥವು ಎಷ್ಟಿವೆ?’

‘ಅದೆಲ್ಲ ಈಗ ಯಾಕೆ? ಎದ್ದೇಳಿ, ಟೈಮಿಲ್ಲ.’

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಒಂದು ಕೋಟು ಸಿದ್ಧವಾಯಿತು. ಭಾವನೇ ಇಸ್ತ್ರಿ ಮಾಡಿ ಬಟ್ಟೆ ತೊಡಿಸುವ ಬೊಂಬೆಗೆ ಹಾಕಿದ. ಅಂಗೈಯಲ್ಲಿದ್ದದ್ದು ಅಲ್ಲಿ ಒಂದು ಮಗುವಿನ ಎತ್ತರಕ್ಕೆ ನಿಂತಿತ್ತು.

ಯಜಮಾನಮ್ಮ ಬಂದು ನೋಡಿದವರೇ ಕನ್ನಡಕಕ್ಕೆ ಕೈ ಹಾಕಿದರು. ಅದು ಮೂಗಿಗೇರುವ ಮೊದಲೇ ಸಂಗೀತದ ಟೀಚರು ಬೊಂಬೆಯ ಸುತ್ತ ಒಂದು ಸುತ್ತು ಬಂದರು. ‘ಅಯ್ಯೋ, ಎಷ್ಟು ಚೆನ್ನಾಗಿದೆ! ಅರವತ್ತು ಮಕ್ಕಳು ಸಾಲಾಗಿ ನಿಂತ್ರೆ ಒಂದು ಹೊಳಪು ಒಂದು ಮಂಕು, ಒಂದು ಹೊಳಪು ಒಂದು ಮಂಕು! ನಾನು ಕೇಳಿದ್ದು ಮಾಮೂಲಿ ಕೋಟು. ಇದು ಯಾರ ಐಡಿಯಾ?’

ಎಲ್ಲರೂ ಭಾವನ ಕಡೆ ನೋಡಿದರು. ರೇಡಿಯೋಗೆ ಜೀವ ಬಂತು. ‘ನಮ್ಮ ಮಾಸ್ಟ್ರು ಒಂದು ತಿಂಗಳಿಂದ ಎಡಗೈಯಲ್ಲೇ ಹಲ್ಲುಜ್ತಾ ಇದ್ರು ಮೇಡಂ!’

ನಾನು ಹಲ್ಲು ಕಚ್ಚಿಕೊಂಡು ಕಾದೆ. ಈಗ ಎದೆಯುಬ್ಬಿಸುತ್ತಾನೆ, ಮಲಗಿದ್ದ ಕಲಾವಿದ ಎದ್ದ ಎನ್ನುತ್ತಾನೆ, ಹದಿನಾಲ್ಕನೆಯ ಪುಟ ಓದುತ್ತಾನೆ. ಬೈಗುಳವನ್ನು ನಾಲಗೆಯ ತುದಿಯಲ್ಲಿ ತಯಾರು ಇಟ್ಟುಕೊಂಡಿದ್ದೆ.

ಭಾವ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. ‘ನಂದಲ್ಲಮ್ಮ. ನಾನು ಮಾಡಿದ್ದು ತಪ್ಪು. ನೂರಿಪ್ಪತ್ತೂ ಎಡತೋಳೇ ಕತ್ತರಿಸಿಬಿಟ್ಟಿದ್ದೆ. ನನ್ನನ್ನ ಇಟ್ಕೊಳೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ಸೂಜಿದು. ಕಾಗದದಲ್ಲಿ ಮಾಡಿ ಇಟ್ಕೊಂಡಿದ್ದಾಳೆ, ಎಷ್ಟಿವೆ ಅಂತ ಅವಳನ್ನೇ ಕೇಳಿ.’

ಯಜಮಾನಮ್ಮ ನನ್ನ ಕಡೆ ತಿರುಗಿದರು. ಕನ್ನಡಕ ಏರಿಸಲಿಲ್ಲ. ಮೇಜಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣ ಎತ್ತಿ ನನ್ನ ಕಡೆ ಚಾಚಿದರು. ‘ಹೌದೇನೆ? ಹಾಗಾದ್ರೆ ನಾಳೆಯಿಂದ ಮೇಜಿಗೆ ಬಾ. ಮಾಸ್ಟ್ರ ಜೊತೆ ನಿಂತ್ಕೋ. ಕಾಜಕ್ಕೆ ಬೇರೆ ಯಾರನ್ನಾದ್ರೂ ನೋಡೋಣ. ತೋರಿಸು, ಇನ್ನೇನೇನು ಮಾಡಿದ್ದೀಯ.’

ಹತ್ತೊಂಬತ್ತು ವರ್ಷ ಕನಸಿನಲ್ಲಿ ನಾನು ಆ ಸುಣ್ಣವನ್ನು ಎಷ್ಟು ಸಲ ಇಸಿದುಕೊಂಡಿದ್ದೆನೋ. ಈಗ ಎಲ್ಲರ ಕಣ್ಣೂ ನನ್ನ ಮೇಲೆ. ನಾಳೆ ನಾನು ಏನೋ ಬಿಡಿಸುತ್ತೇನೆ, ಬೆನ್ನಿಗೆ ಜೇಬಿನಂಥದ್ದು. ಯಂತ್ರಗಳು ನಿಲ್ಲುತ್ತವೆ, ನಗು ಏಳುತ್ತದೆ. ಆ ನಗು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಎಬ್ಬಿಸಿದವಳೇ ನಾನು.

‘ಇಲ್ಲಮ್ಮ’ ಎಂದಿತು ನನ್ನ ಬಾಯಿ, ‘ಭಾವ ಹೇಳಿದ್ದನ್ನೇ ಕಾಗದದಲ್ಲಿ ಮಾಡಿ ನೋಡ್ದೆ ಅಷ್ಟೆ. ನಂಗ್ಯಾಕೆ ಅದೆಲ್ಲ? ನಂಗೆ ಕಾಜ ಸಾಕು.’

‘ಸುಳ್ಳು ಹೇಳ್ತಿದ್ದಾಳಮ್ಮ!’ ಎಂದು ಭಾವ ಕೂಗಿದರು.

‘ಭಾವ ನಾದಿನಿ ಜಗಳ ಮನೇಲಿ ಆಡ್ಕೊಳ್ಳಿ’ ಎಂದು ಯಜಮಾನಮ್ಮ ನಕ್ಕು, ಸುಣ್ಣವನ್ನು ಭಾವನವರ ಕೈಗೆ ಕೊಟ್ಟರು. ಕೆಲಸ ಉಳಿಯಿತು. ಟೀಚರು ಭಾವನವರ ಕೈ ಕುಲುಕಿದರು. ಭಾವ ಮಾತ್ರ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಕಾಗದದ ಕೋಟು ನನ್ನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಈಗ ಭಾವ ಬಲಗೈಯಲ್ಲೇ ಹಲ್ಲುಜ್ಜುತ್ತಾರಂತೆ. ಅಂಗಿ ಮತ್ತೆ ಮೂರನೆಯ ಮೊಳೆಗೆ ಬಂದಿದೆ. ಬಟ್ಟೆ ಹಾಸುವಾಗ ಹೋದ ದಾರಿಯಲ್ಲೇ ವಾಪಸು ಬರುತ್ತಾರೆ, ಆದರೆ ಪ್ರತಿ ಪದರದ ತುದಿ ಎತ್ತಿ ಮುಖ ಯಾವುದು ಬೆನ್ನು ಯಾವುದು ಎಂದು ನೋಡುತ್ತಾರೆ. ಕೋಟು ಒಪ್ಪಿಗೆಯಾದ ಮರುದಿನ ನನ್ನ ಸ್ಟೂಲಿನ ಮೇಲೆ ಒಂದು ಹಳೆಯ ಕ್ಯಾಲೆಂಡರು ಸುರುಳಿ ಸುತ್ತಿ ಇಟ್ಟಿತ್ತು, ಹನ್ನೆರಡೂ ಹಾಳೆ. ‘ಯಾರಿಗೂ ತೋರಿಸ್ಬೇಡ ಬೇಕಾದ್ರೆ. ನಂಗೆ ತೋರಿಸು’ ಎಂದರು ಮೆಲ್ಲಗೆ.

‘ಜೇಬು ಬೆನ್ನಿಗಾ, ಮುಂದಕ್ಕಾ?’ ಎಂದೆ. ನಾಲಗೆ, ಅದೂ ಅಭ್ಯಾಸವೇ. ಅವರು ಮೇಜಿಗೆ ಹೋದರು.

ಕ್ಯಾಲೆಂಡರನ್ನು ಗುಂಡಿ ಡಬ್ಬಿಯ ಕೆಳಗೆ ತುರುಕಿ ಕೆಲಸಕ್ಕೆ ಕೂತೆ. ಅರವತ್ತು ಕೋಟು, ಕೋಟಿಗೆ ಐದು, ಒಟ್ಟು ಮುನ್ನೂರು ಕಾಜ. ನಾಲ್ಕು ದಿನದಲ್ಲಿ ಮುಗಿಸಿದೆ. ಎಲ್ಲ ಒಂದೇ ಥರ, ಒಂದೂ ಡೊಂಕಿಲ್ಲ. ಥೂ.